ಡಾಕ್ಟರ್ ಕುಬ್ರಾಳ ಹೊಟ್ಟೆಕಿಚ್ಚು

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಕಾಲು ಶತಮಾನದಿಂದ ದವಾಖಾನೆ ನಡೆಸುತ್ತಿದ್ದ ಡಾಕ್ಟರ್ ಕುಬ್ರಾಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿ.ಪಿ. ಇರಲಿಲ್ಲ, ಐವತ್ತು ದಾಟಿದ್ದರೂ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿರಲಿಲ್ಲ. ಇದ್ದದ್ದು ಒಂದೇ ಕಾಯಿಲೆ, ಅದರ ಹೆಸರು ಅತೀಯಾ.

ಅತೀಯಾ ಹೊರಗಿನವಳೇನಲ್ಲ. ಡಾಕ್ಟರಾದ ಹೊಸದರಲ್ಲಿ ಇದೇ ಕುಬ್ರಾಳ ಪಕ್ಕದ ಕುರ್ಚಿಯಲ್ಲಿ ಕೂತು ಮೂರು ವರ್ಷ ಕೆಲಸ ಕಲಿತವಳು. ವಯಸ್ಸಾದವರ ಪಾದವನ್ನು ಅವರು ಹೇಳದಿದ್ದರೂ ನೋಡಬೇಕು, ಹೆಂಗಸರು ಸುಸ್ತು ಎಂದರೆ ಮೊದಲು ರಕ್ತ ನೋಡಬೇಕು, ಗಂಡಸರು ಏನಿಲ್ಲ ಎಂದರೆ ಎಲ್ಲವನ್ನೂ ನೋಡಬೇಕು. ಇದೆಲ್ಲ ಕುಬ್ರಾ ಹೇಳಿಕೊಟ್ಟ ಪಾಠ. ಈಗ ಆ ಹುಡುಗಿ ಎರಡು ಕ್ರಾಸ್ ಆಚೆ ತನ್ನದೇ ಬೋರ್ಡು ಹಾಕಿಕೊಂಡಿದ್ದಳು. ಬೋರ್ಡು ಹಾಕಿದ್ದಕ್ಕೆ ಕುಬ್ರಾಳ ತಕರಾರಿರಲಿಲ್ಲ. ಆದರೆ ಆ ಬೋರ್ಡಿನ ಕೆಳಗೆ ನಿಲ್ಲುತ್ತಿದ್ದ ಜನ, ಅದೂ ತನ್ನ ಬೆಂಚಿನಿಂದ ಎದ್ದುಹೋದ ಜನ! ಅವರನ್ನು ಕಂಡರೆ ಅವಳ ಹೊಟ್ಟೆಯೊಳಗೆ ಒಗ್ಗರಣೆ ಸಿಡಿದ ಹಾಗಾಗುತ್ತಿತ್ತು.

ಅವಳ ಮನೆಗೆ ಆ ಕ್ರಾಸ್ ದಾರಿಯೇ ಅಲ್ಲ. ಆದರೂ ಸಂಜೆ ಆಟೋದವನಿಗೆ "ಈ ಕಡೆಯಿಂದ ಹೋಗಪ್ಪ, ಆ ಕಡೆ ಜಾಮು" ಎಂದು ಹೇಳಿ, ದುಪಟ್ಟಾವನ್ನು ಮುಖದ ಮೇಲೆ ಸ್ವಲ್ಪ ಎಳೆದುಕೊಂಡು, ಅಲ್ಲಿ ಯಾರು ಯಾರು ಕೂತಿದ್ದಾರೆ ಎಂದು ನೋಡಿಕೊಂಡು ಹೋಗುತ್ತಿದ್ದಳು. ನೋಡದಿದ್ದರೆ ರಾತ್ರಿ ನಿದ್ದೆ ಇಲ್ಲ. ನೋಡಿದರಂತೂ ಇಲ್ಲವೇ ಇಲ್ಲ.

ಗುರು ಶಿಷ್ಯೆ ಬೇರೆಯಾದದ್ದು ರಂಜಾನಿನ ವಿಷಯಕ್ಕೆ. ದವಾಖಾನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಡಾಕ್ಟರಾದವಳು ಧರ್ಮವನ್ನೂ ಅಲ್ಲೇ ಬಿಟ್ಟು ಒಳಗೆ ಬರಬೇಕು ಎನ್ನುವುದು ಕುಬ್ರಾಳ ನಿಯಮ. ಮನೆಯಲ್ಲಿ ಅವಳು ಒಂದು ನಮಾಜು ತಪ್ಪಿಸಿದವಳಲ್ಲ, ಒಂದು ರೋಜಾ ಬಿಟ್ಟವಳಲ್ಲ. ರಂಜಾನಿನಲ್ಲಿ ಹನಿ ನೀರಿಲ್ಲದೆ ಸಂಜೆಯವರೆಗೆ ರೋಗಿಗಳನ್ನು ನೋಡುತ್ತಿದ್ದಳು. ಹಾವೇರಿ ಕಡೆಯಿಂದ ಬಂದು ಯಶವಂತಪುರದ ಫ್ಯಾಕ್ಟರಿಯಲ್ಲಿ ದುಡಿಯುವ ಕಾಡಪ್ಪನಿಗಾಗಲಿ, ಪಕ್ಕದಲ್ಲೇ ಕೂತ ಬುರ್ಖಾದ ಹೆಂಗಸಿಗಾಗಲಿ ಡಾಕ್ಟರಮ್ಮ ಉಪವಾಸವಿದ್ದಾಳೆ ಎಂಬುದರ ಸುಳಿವೇ ಸಿಗುತ್ತಿರಲಿಲ್ಲ. ಹಾಗೆ ಸಿಗದಿರುವುದೇ ಅವಳ ಹೆಮ್ಮೆ. ಇನ್ಸುಲಿನ್ ತೆಗೆದುಕೊಳ್ಳುವವರು ಬಂದರೆ "ರೋಜಾ ಬೇಡ" ಎಂದು ಎರಡೇ ಮಾತು, ಮುಂದಿನವರು ಒಳಗೆ.

ಅತೀಯಾ ಹಾಗಲ್ಲ. ರಂಜಾನಿಗೆ ಒಂದು ತಿಂಗಳಿರುವಾಗಲೇ ಎದುರಿಗೆ ಕೂತವರನ್ನು "ಚಾಚಾ, ಈ ಸಲ ರೋಜಾ ಹೇಗೆ ಅಂತಿದ್ದೀರಿ?" ಎಂದು ಕೇಳಿಬಿಟ್ಟಿದ್ದಳು. ರೋಗಿ ಹೊರಗೆ ಹೋಗುವವರೆಗೆ ತಡೆದುಕೊಂಡ ಕುಬ್ರಾ ಆಮೇಲೆ ಸಿಡಿದಳು.

"ನೀನು ಡಾಕ್ಟರಾ, ಮೌಲ್ವಿಯಾ?"

"ಬೇಡ ಅಂದ್ರೆ ಯಾರೂ ಬಿಡಲ್ಲ ಮೇಡಂ. ನಮ್ಮ ಹತ್ರ ಹೂಂ ಅಂತಾರೆ, ಮನೇಲಿ ಕದ್ದು ಇರ್ತಾರೆ. ಕೇಳಿ ತಿಳ್ಕೊಂಡ್ರೆ ಮಾತ್ರೆ ಹೊತ್ತಾದ್ರೂ ಬದಲಾಯಿಸಬಹುದಲ್ವಾ?"

"ಇವತ್ತು ರೋಜಾ ಕೇಳ್ತೀಯ. ನಾಳೆ ನಮಾಜ್ ಮಾಡಿದ್ರಾ ಅಂತೀಯ. ನಾಡಿದ್ದು, ಮಾಡದವರಿಗೆ ಮದ್ದಿಲ್ಲ ಅಂತೀಯ. ನನ್ನ ಬೆಂಚಿನ ಮೇಲೆ ಕಾಡಪ್ಪನೂ ಕೂರ್ತಾನೆ, ಗೊತ್ತಾಯ್ತಾ?"

"ಕಾಡಪ್ಪನವರನ್ನೂ ಕೇಳೋಣ ಮೇಡಂ. ಅವರೂ ಶಿವರಾತ್ರಿಗೆ ಒಂದು ಹನಿ ನೀರು ಕುಡಿಯಲ್ಲ."

ಗುರುವಿಗೇ ತಿರುಮಂತ್ರ! ಆ ಮಾತು ಕುಬ್ರಾಳಿಗೆ ಎಷ್ಟು ನಾಟಿತೆಂದರೆ, ಮುಂದಿನ ತಿಂಗಳಿಂದ ಅತೀಯಾಳ ಕುರ್ಚಿ ಖಾಲಿಯಾಯಿತು.

ಈ ವರ್ಷ ಆ ಕಿಚ್ಚಿಗೆ ತುಪ್ಪ ಸುರಿದವನು ಅಜ್ಜು ಭಾಯ್. ಸುಲ್ತಾನ್‌ಪಾಳ್ಯದಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ ಅವನದು. ಕುಬ್ರಾಳ ಅತಿ ಹಳೆಯ ರೋಗಿಗಳಲ್ಲೊಬ್ಬ. ರಂಜಾನ್ ಹತ್ತಿರ ಬಂದಾಗ ಅವನು ಕಾಣೆಯಾಗಿದ್ದ. ಒಂದು ದಿನ ಹಣ್ಣಿನ ಗಾಡಿಯ ಹತ್ತಿರ ಸಿಕ್ಕಿಬಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಹಾಗೆ, ಅವಳು ಬಾಯಿ ತೆರೆಯುವ ಮುಂಚೆಯೇ ಶುರುಮಾಡಿದ.

"ಬೇಜಾರ್ ಮಾಡ್ಕೋಬೇಡಿ ಡಾಕ್ಟರಮ್ಮ. ನಿಮ್ಮ ಹತ್ರ ಎಷ್ಟು ವರ್ಷ ಸುಳ್ಳು ಹೇಳೋದು? ಪ್ರತಿ ರಂಜಾನ್ ಪೂರ್ತಿ ಇರ್ತಿದ್ದೆ, ನಿಮ್ಮ ಮುಂದೆ ಇಲ್ಲ ಅಂತಿದ್ದೆ. ಆ ಚಿಕ್ಕ ಡಾಕ್ಟರು ಕೇಳಿದ್ರು, ಹೇಳ್ಬಿಟ್ಟೆ. ಮಾತ್ರೆನೆಲ್ಲಾ ಹಿಂದೆ ಮುಂದೆ ಮಾಡಿ ಕೊಟ್ಟಿದಾರೆ. ತಲೆ ತಿರುಗಿದ್ರೆ ಅಲ್ಲೇ ನೀರು ಕುಡಿದ್ಬಿಡಿ, ಗುನಾ ಇಲ್ಲ, ಪಾಪ ಬರಲ್ಲ ಅಂದ್ರು."

ಇಷ್ಟು ವರ್ಷ ತನ್ನೆದುರು ಕೂತು ಸುಳ್ಳು ಹೇಳಿದವನು ಅಲ್ಲಿ ಹೋಗಿ ಒಂದೇ ಸಲಕ್ಕೆ ನಿಜ ಹೇಳಿದನಂತೆ! ಫೀಸು ಹೋದದ್ದಕ್ಕೆ ಕುಬ್ರಾಳಿಗೆ ಅಷ್ಟು ಬೇಸರವಾಗಲಿಲ್ಲ. ಆ ನಿಜ ತನ್ನ ಪಾಲಿಗೆ ಬರಬೇಕಾಗಿತ್ತು ಎಂದು ಉರಿದಳು. ಹೊಟ್ಟೆಕಿಚ್ಚಿಗೆ ಅವರ ಮನೆಮಾತಿನಲ್ಲಿ ಹಸದ್ ಎನ್ನುತ್ತಾರೆ. ರಂಜಾನಿನಲ್ಲಿ ಅದನ್ನು ಇಟ್ಟುಕೊಳ್ಳಬಾರದು ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು?

ರಂಜಾನ್ ಶುರುವಾದ ಮೇಲೆ ಅವಳ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಮನೆ ಮಾಡಿತು. ಅತೀಯಾಳ ಮಾತು ಕೇಳಿ ರೋಜಾ ಇದ್ದವರಲ್ಲಿ ಯಾರಾದರೂ ಒಬ್ಬರು ಸಕ್ಕರೆ ಇಳಿದು ಬೀಳಬೇಕು. ಸಾಯುವುದು ಬೇಡ, ಛೆ, ಸಾಯುವುದು ಬೇಡವೇ ಬೇಡ. ಬಿದ್ದರೆ ಸಾಕು. ಆಗ ಮೆಡಿಕಲ್ ಕೌನ್ಸಿಲಿಗೆ ಒಂದು ದೂರು: ಈ ಡಾಕ್ಟರು ಔಷಧಿಯ ಜೊತೆ ಧರ್ಮ ಬೆರೆಸಿ ಕೊಡುತ್ತಿದ್ದಾಳೆ. ಒಕ್ಕಣೆ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು, ಹೆಸರು ತುಂಬುವುದೊಂದು ಬಾಕಿ. ಹೆಬ್ಬಾಳದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿದ್ದ ಪರಿಚಯದ ಡಾಕ್ಟರ್ ಶೀತಲ್‌ಗೆ ದಿನ ಬಿಟ್ಟು ದಿನ ಫೋನು ಮಾಡಿ, ಹವೆ, ಟ್ರಾಫಿಕ್ಕು ಎಲ್ಲ ಮಾತಾಡಿ, ಕೊನೆಗೆ "ನಮ್ಮ ಕಡೆಯಿಂದ ರೋಜಾ ಕೇಸು ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದಳು.

"ಇಲ್ರೀ ಮೇಡಂ. ಈ ಸಲ ಒಂದೂ ಬಂದಿಲ್ಲ. ಛಲೋ ಆತಲ್ಲ?" ಎನ್ನುತ್ತಿದ್ದಳು ಧಾರವಾಡದ ಶೀತಲ್.

"ಹೌದು, ಒಳ್ಳೇದಾಯ್ತು" ಎಂದು ಕುಬ್ರಾ ಫೋನು ಇಡುತ್ತಿದ್ದಳು. ಆ "ಒಳ್ಳೇದಾಯ್ತು" ಹೇಳುವಾಗಿನ ಅವಳ ಮುಖವನ್ನು ಶೀತಲ್ ನೋಡದಿದ್ದುದೇ ಒಳ್ಳೆಯದಾಯಿತು.

ಇದೇ ದಿನಗಳಲ್ಲಿ ಅತೀಯಾ ಎರಡು ಸಲ ಅವಳಿಗೆ ಫೋನು ಮಾಡಿದ್ದಳು. ಪರದೆಯ ಮೇಲೆ ಆ ಹೆಸರು ಕಂಡೊಡನೆ ಕುಬ್ರಾ ಸದ್ದು ಅಡಗಿಸಿ ಫೋನನ್ನು ಬೋರಲು ಹಾಕಿದಳು. ಇಫ್ತಾರಿಗೆ ಕರೆದು ತನ್ನ ಹೊಸ ದವಾಖಾನೆ ತೋರಿಸಿಕೊಳ್ಳಬೇಕೇನೋ, ತೋರಿಸಿಕೊಳ್ಳಲಿ ಬೇರೆಯವರಿಗೆ.

ಮನೆಯಲ್ಲಿ ಕುಬ್ರಾ ಮತ್ತು ಅವಳ ತಾಯಿ ಮೆಹಬೂಬ್ ಬೀ ಇಬ್ಬರೇ. ಕುಬ್ರಾ ಮದುವೆಯಾಗಿರಲಿಲ್ಲ. ಎಪ್ಪತ್ತಾರರ ಮುದುಕಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡವೂ ಸ್ವಲ್ಪ ಸೋತಿತ್ತು, ದಿನಕ್ಕೆರಡು ಸಲ ಇನ್ಸುಲಿನ್. ಹತ್ತು ಹನ್ನೊಂದು ವರ್ಷದ ಹಿಂದೆಯೇ ಮಗಳು ಅವಳಿಗೂ "ರೋಜಾ ಬೇಡ" ಎಂದು ಅದೇ ಎರಡು ಮಾತು ಹೇಳಿ ಮುಗಿಸಿದ್ದಳು. ನಸುಕಿನಲ್ಲಿ ಕುಬ್ರಾ ಎದ್ದು ಸಹರಿಯ ಊಟ ಮಾಡಿ, ನಮಾಜು ಮುಗಿಸಿ, ಒಂದು ಜೊಂಪು ನಿದ್ದೆ ತೆಗೆಯುತ್ತಿದ್ದಳು. ಏಳು ಗಂಟೆಗೆ ತಾಯಿಯ ಬೆರಳು ಚುಚ್ಚಿ ಸಕ್ಕರೆ ನೋಡಿ, ಇನ್ಸುಲಿನ್ ಕೊಟ್ಟು, ಅಡುಗೆಯ ಗೋಪಾಲಮ್ಮನಿಗೆ ತಿಂಡಿ ಕೊಡಲು ಹೇಳಿ ಹೊರಡುತ್ತಿದ್ದಳು.

ಈ ರಂಜಾನಿನಲ್ಲಿ ಅಮ್ಮಿಯ ಬೆಳಗಿನ ಸಕ್ಕರೆ ಯಾಕೋ ಮೇಲೇ ಇತ್ತು.

"ರಾತ್ರಿ ಎದ್ದು ಏನಾದ್ರೂ ತಿಂದ್ಯಾ ಅಮ್ಮಿ?"

"ನಾನ್ಯಾಕೆ ತಿನ್ನಲಿ? ರಾತ್ರಿ ಊಟ ಮಾಡಿದ್ದೇ ಕೊನೆ."

ಬೇರೆ ರೋಗಿಯಾಗಿದ್ದರೆ ಕುಬ್ರಾ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಮಧ್ಯಾಹ್ನವೂ ಒಮ್ಮೆ ನೋಡಿ ಎನ್ನುತ್ತಿದ್ದಳು, ಮಂಚದ ಕೆಳಗೆ ಡಬ್ಬಿ ಇದೆಯೇ ಎಂದು ಹುಡುಕಿಸುತ್ತಿದ್ದಳು. ಆದರೆ ಅವಳ ಒಂದು ಕೈಯಲ್ಲಿ ಅಮ್ಮಿಯ ಬೆರಳಿದ್ದರೆ ಇನ್ನೊಂದು ಕೈಯಲ್ಲಿ ಮೊಬೈಲಿತ್ತು, ಮೊಬೈಲಿನಲ್ಲಿ ಅತೀಯಾಳ ವಾಟ್ಸಾಪ್ ಸ್ಟೇಟಸ್ ಇತ್ತು. ಹೊಸ ಕುರ್ಚಿಗಳು, ಗೋಡೆಗೆ ತಿಳಿ ಹಸಿರು ಬಣ್ಣ. ವಯಸ್ಸಾದ ಮೇಲೆ ಸಕ್ಕರೆ ಏರುವುದು ಇದ್ದದ್ದೇ ಎಂದುಕೊಂಡು ಎರಡು ಯೂನಿಟ್ ಹೆಚ್ಚಿಸಿದಳು. ನಾಲ್ಕು ದಿನ ಬಿಟ್ಟು ಮತ್ತೆ ಎರಡು. ಆಮೇಲೆ ಮತ್ತೆ.

ಎರಡನೇ ವಾರದ ಒಂದು ದಿನ, ಮಧ್ಯಾಹ್ನ ಇನ್ನೂ ಆಗಿರಲಿಲ್ಲ, ಗೋಪಾಲಮ್ಮನ ಫೋನು ಬಂತು. ಮಾತಿಗಿಂತ ಅಳುವೇ ಜಾಸ್ತಿ. ಕುಬ್ರಾ ಬಂದು ನೋಡಿದರೆ ಮೆಹಬೂಬ್ ಬೀ ನಮಾಜಿನ ಚಾಪೆಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಮೈಯೆಲ್ಲ ಬೆವರಿ ರವಿಕೆ ಒದ್ದೆ, ಕೂಗಿದರೆ ಓಗೊಡುತ್ತಿರಲಿಲ್ಲ. ಸಕ್ಕರೆ ನೋಡುವ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ತೀರಾ ಕಡಿಮೆ ಎಂದಷ್ಟೇ ಹೇಳಿತು. ಕುಬ್ರಾ ರಕ್ತನಾಳ ಹುಡುಕಿ ಗ್ಲೂಕೋಸ್ ಏರಿಸಿದಳು. ಮುದುಕಿ ಒಮ್ಮೆ ಕಣ್ಣು ತೆರೆದು ಮುಚ್ಚಿದಳು.

"ತಿಂಡಿ ತಿಂದಿರ್ಲಿಲ್ವಾ ಗೋಪಾಲಮ್ಮ? ನಿನ್ನನ್ನೇ ಕೇಳ್ತಿರೋದು!"

"ಎಂಗೆ ಏಳ್ಲಿ ಡಾಕ್ಟ್ರಮ್ಮ... ಅಮ್ಮೀ ರೋಜಾ ಇದ್ರು. ಮೊದಲ್ನೇ ದಿನದಿಂದ್ಲೂ. ತಟ್ಟೆ ಎಂಜಲಾಗ್ಬೇಕು, ಇಲ್ದಿದ್ರೆ ನಿಮಗೆ ಗೊತ್ತಾಗತ್ತೆ ಅಂತ ನಂಗೇ ತಿನ್ನಿಸ್ತಿದ್ರು. ತಿಂಡೀನೂ ನಾನೇ, ಊಟಾನೂ ನಾನೇ. ಬೇಡ ಅಂದ್ರೆ ಆಣೆ ಇಡ್ತಿದ್ರು. ನೀವು ಸಹರಿಗೆ ಎದ್ದೇಳೋಕ್ ಮುಂಚೆ ಬಾಳೆಹಣ್ಣು, ಬನ್ನು, ಏನಿದ್ರೆ ಅದು ತಿಂದ್ಕೊತಿದ್ರು." ಗೋಪಾಲಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ರಂಜಾನ್‌ಗೆ ಮುಂಚೆ ಆ ಅತೀಯಾ ಡಾಕ್ಟ್ರತ್ರ ಓಗಿದ್ರು. ನಾನೇ ಆಟೋದಲ್ಲಿ ಕರ್ಕೊಂಡೋಗಿದ್ದೆ. ಒಳಗೆ ಏನ್ ಮಾತಾಡಿದ್ರೋ ಕಾಣೆ, ನಾನು ಒರಗೇ ಇದ್ದೆ."

ಹೇಳಲು ನಾಚಿಕೆಯಾಗುವ ಮಾತು, ಆದರೂ ಹೇಳಬೇಕು. ತಾಯಿ ನೆಲದ ಮೇಲೆ ಬಿದ್ದಿರುವಾಗ, ಗ್ಲೂಕೋಸಿನ ಬಾಟಲಿ ತನ್ನ ಕೈಯಲ್ಲಿರುವಾಗ, ಕುಬ್ರಾಳ ಮನಸ್ಸಿನ ಒಂದು ಮೂಲೆ ಚಪ್ಪಾಳೆ ತಟ್ಟಿತು. ಸಿಕ್ಕಳು! ಕೊನೆಗೂ ಸಿಕ್ಕಳು ಅತೀಯಾ.

ಹೆಬ್ಬಾಳದ ಆಸ್ಪತ್ರೆಗೆ ಸಾಗಿಸಿದಾಗ ಶೀತಲ್ ಡ್ಯೂಟಿಯಲ್ಲೇ ಇದ್ದಳು. ಅಮ್ಮಿಯ ಸಕ್ಕರೆ ಒಂದು ಹದಕ್ಕೆ ಬಂದ ಮೇಲೆ ಕಾಗದ ಬರೆಯುತ್ತಾ ಕೇಳಿದಳು.

"ಇನ್ಸುಲಿನ್ ಯಾರು ಕೊಡತಿದ್ರು ಮೇಡಂ?"

"ನಾನೇ."

"ಡೋಸ್ ಈಗೀಗ ಏರಿಸಿದಂಗ ಕಾಣಸ್ತದ."

"ಬೆಳಿಗ್ಗೆ ಸಕ್ಕರೆ ಜಾಸ್ತಿ ಇರ್ತಿತ್ತು."

ಶೀತಲ್ ಪೆನ್ನು ನಿಲ್ಲಿಸಿದಳು. ಅವಳಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಹುಡುಗಿ. "ನಸುಕಿನ್ಯಾಗ ಉಂಡಿದ್ರಂದ್ರ ಏಳಕ್ಕ ಸಕ್ಕರೆ ಏರೇ ಇರತದಲ್ರೀ ಮೇಡಂ. ಅದಕ್ಕ ನೀವು ಡೋಸ್ ಏರಿಸೀರಿ, ಅವ್ರು ಮುಂದ ದಿನಪೂರ್ತಿ ಏನೂ ತಿಂದಿಲ್ಲ."

ಕುಬ್ರಾಳ ಕಿವಿ ಬಿಸಿಯಾಯಿತು. ಅಮ್ಮಿಯನ್ನು ಬೀಳಿಸಿದ ಸೂಜಿ ಹಿಡಿದದ್ದು ತನ್ನ ಕೈ. ಆ ಯೋಚನೆ ಬಂದೊಡನೆ ಅವಳಿಗೆ ಇನ್ನೊಬ್ಬರ ಹೆಸರು ತುರ್ತಾಗಿ ಬೇಕಾಯಿತು. ರೋಜಾ ಇರಲು ಒಪ್ಪಿಗೆ ಕೊಟ್ಟವಳು ಇಲ್ಲದಿದ್ದರೆ ಅಮ್ಮಿ ಯಾಕೆ ಉಪವಾಸ ಇರುತ್ತಿದ್ದಳು? ಗೋಪಾಲಮ್ಮನನ್ನು ಹಾಸಿಗೆಯ ಪಕ್ಕ ಕೂರಿಸಿ, ಕುಬ್ರಾ ಆಟೋ ಹಿಡಿದಳು. ಈ ಸಲ ದುಪಟ್ಟಾ ಎಳೆದುಕೊಳ್ಳಲಿಲ್ಲ.

ಅತೀಯಾಳ ದವಾಖಾನೆ ತುಂಬಿತ್ತು. ಅಜ್ಜು ಭಾಯ್ ಕೂಡ ಇದ್ದ. ತಿಳಿ ಹಸಿರು ಗೋಡೆಯ ಮುಂದೆ ನಿಂತ ಕುಬ್ರಾ ತನ್ನ ಜನ್ಮದಲ್ಲಿ ಯಾವ ದವಾಖಾನೆಯಲ್ಲೂ ಎತ್ತದ ದನಿ ಎತ್ತಿದಳು. ಅತೀಯಾ ಗಾಬರಿಯಾಗಿ ಒಳಗಿನ ಕೋಣೆಯಿಂದ ಹೊರಗೆ ಬಂದಳು.

"ನನ್ನ ತಾಯಿ ಐಸಿಯು ಬಾಗಿಲಲ್ಲಿದ್ದಾರೆ, ಗೊತ್ತಾ? ಕಿಡ್ನಿ ಸೋತ ಮುದುಕಿಗೆ ರೋಜಾ ಇರು ಅಂತ ಕಳಿಸಿದ್ದೀಯ. ಇಲ್ಲಿ ಮದ್ದು ಕೊಡ್ತೀಯೋ ಜನ್ನತ್ತಿನ ಟಿಕೆಟ್ ಮಾರ್ತೀಯೋ?"

ಅತೀಯಾಳ ಮುಖ ಬಿಳಿಚಿತು. "ಅಮ್ಮಿ ಹೇಗಿದ್ದಾರೆ ಮೇಡಂ?"

"ಬದುಕಿದ್ದಾರೆ. ಅವರು ನಿನ್ನ ಹತ್ರ ಬಂದಾಗ ಏನು ಹೇಳಿದೆ? ಇವರೆಲ್ಲರ ಮುಂದೆ ಹೇಳು."

ಬೆಂಚಿನ ಮೇಲಿದ್ದವರೆಲ್ಲ ಅತೀಯಾಳ ಬಾಯಿ ನೋಡಿದರು. ಅವಳು ಏನನ್ನೋ ಹೇಳಲು ಹೊರಟು ತುಟಿ ಕಚ್ಚಿಕೊಂಡಳು.

"ನನ್ನ ಹತ್ರ ಯಾರು ಬಂದ್ರು, ನಾನೇನು ಹೇಳಿದೆ, ಅದು ಆ ಪೇಷಂಟಿಗೆ ಸೇರಿದ್ದು. ಅವರು ಹೇಳು ಅನ್ನೋವರೆಗೂ ನಾನು ಹೇಳೋಹಾಗಿಲ್ಲ ಮೇಡಂ."

"ನಾನು ಅವರ ಮಗಳು!"

"ಹೌದು. ಪೇಷಂಟ್ ಅಲ್ಲ."

"ಹಾಗಾದರೆ ಕೌನ್ಸಿಲಿಗೆ ಹೇಳು" ಎಂದು ಕುಬ್ರಾ ತಿರುಗಿದಳು. ಅಷ್ಟರಲ್ಲಿ ಇಬ್ಬರು ಹೆಂಗಸರು ಮಕ್ಕಳ ಕೈ ಹಿಡಿದು ಎದ್ದು ಹೊರಗೆ ಹೋದರು. ಅತೀಯಾ ಅವರನ್ನು ತಡೆಯಲಿಲ್ಲ. ಹೋಗುವವರನ್ನು ಕಂಡು ಕುಬ್ರಾಳಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಆ ತಂಪು ಬಳ್ಳಾರಿ ರಸ್ತೆಯ ಜಾಮಿನಲ್ಲೂ ಹೋಗಲಿಲ್ಲ, ಮೇಲ್ಸೇತುವೆ ಇಳಿದು ಆಸ್ಪತ್ರೆ ಸೇರುವವರೆಗೂ ಇತ್ತು.

ಸಂಜೆ ಮೆಹಬೂಬ್ ಬೀಗೆ ಪೂರ್ತಿ ಎಚ್ಚರವಾಗಿತ್ತು. ದಿಂಬಿಗೆ ಒರಗಿ ಕೂತು ಗೋಪಾಲಮ್ಮನ ಹತ್ತಿರ ಗಂಜಿ ಕುಡಿಸಿಕೊಳ್ಳುತ್ತಿದ್ದಳು. ಮಗಳನ್ನು ಕಂಡು ಬಾಯಿ ಒರೆಸಿಕೊಂಡಳು,  ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ. ನಿಜವಾಗಿ ಸಿಕ್ಕಿಬಿದ್ದದ್ದು ಕದ್ದು ತಿನ್ನದೆ ಇದ್ದುದಕ್ಕೆ.

"ಅತೀಯಾಗೆ ಚೆನ್ನಾಗಿ ಬೈದು ಬಂದೆ ಅಮ್ಮಿ. ಅವಳ ಪೇಷಂಟ್‌ಗಳ ಮುಂದೇನೇ. ಇನ್ನು ಯಾರಿಗೂ ರೋಜಾ ಇರು ಅನ್ನಲ್ಲ."

ಮುದುಕಿ ಗೋಪಾಲಮ್ಮನ ಕೈಯಲ್ಲಿದ್ದ ಚಮಚವನ್ನು ತಳ್ಳಿದಳು. "ಯಾ ಅಲ್ಲಾ! ಅವಳು ಬೇಡ ಅಂದಿದ್ದು ಕಣೆ."

"ಏನು?"

"ಬೇಡ ಅಂದ್ಲು. ನಿನ್ನ ಹಾಗೆ ಅಲ್ಲ, ನನ್ನ ಎರಡೂ ಕೈ ಹಿಡ್ಕೊಂಡು ಬೇಡ ಅಂದ್ಲು. ಬೀಮಾರಿ ಇರೋರಿಗೆ ಅಲ್ಲಾನೇ ರಜಾ ಕೊಟ್ಟಿದಾನೆ ಅಮ್ಮಿ, ಕೊಟ್ಟಿದ್ದನ್ನ ವಾಪಸ್ ಮಾಡಬಾರದು, ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಊಟ ಹಾಕಿ ಸಾಕು ಅಂದ್ಲು. ಒಪ್ಪಲಿಲ್ಲ ನಾನು. ಹಾಗಾದ್ರೆ ಮಗಳಿಗಾದ್ರೂ ಹೇಳಿ, ಅವರು ಸೂಜಿ ಕೊಡೋದು, ಅಪಾಯ ಆಗತ್ತೆ ಅಂತ ಅತ್ತುಬಿಟ್ಲು ಆ ಹುಡುಗಿ. ನಾನೇ ಅವಳ ಕೈಲಿ ಮಾತು ತಗೊಂಡೆ, ಬಂದಿದ್ದು ಮಗಳಿಗೆ ಹೇಳಬೇಡ ಅಂತ."

ಕುಬ್ರಾ ಸ್ಟೂಲೆಳೆದು ಕೂತಳು. ಒಂದೇ ಒಂದು ಮಾತು. "ನಾನು ಬೇಡ ಅಂದಿದ್ದೆ" ಎಂದು ಅತೀಯಾ ಹೇಳಿದ್ದರೆ ಸಾಕಿತ್ತು, ಆ ಹುಡುಗಿಯ ಮಾನ ಉಳಿಯುತ್ತಿತ್ತು, ಎದ್ದುಹೋದ ಇಬ್ಬರು ಉಳಿಯುತ್ತಿದ್ದರು. ಧರ್ಮವನ್ನು ಬಾಗಿಲಲ್ಲಿ ಬಿಡದೆ ಒಳಗೆ ತಂದಳು ಎಂದು ತಾನು ಜರೆದವಳು ವೈದ್ಯರ ನಿಯಮವನ್ನು ಒಂದು ಕೂದಲೆಳೆ ಬಿಡದೆ ನಡೆಸಿದ್ದಳು. ಧರ್ಮವನ್ನು ಹೊರಗೆ ಬಿಟ್ಟು ಬಂದ ತಾನು ಹೊಟ್ಟೆಕಿಚ್ಚನ್ನು ಮಾತ್ರ ಬಿಟ್ಟು ಬರಲಿಲ್ಲ. ಅದನ್ನು ಹೊತ್ತುಕೊಂಡೇ ಅಮ್ಮಿಗೆ ಸೂಜಿ ಚುಚ್ಚಿದ್ದಳು.

"ಇಬ್ಬರೂ ಬೇಡ ಅಂದ ಮೇಲೆ ಯಾಕಮ್ಮಿ ಇದ್ದೆ?"

ಮೆಹಬೂಬ್ ಬೀ ಕಿಟಕಿ ಕಡೆ ತಿರುಗಿದಳು. ಅತ್ತ ನೋಡುತ್ತಲೇ ಹೇಳಿದಳು.

"ನಿನ್ನ ನೋಡಿ. ನಂಗೆ ನಿನ್ನ ಮೇಲೆ ಹಸದ್ ಕಣೆ ಕುಬ್ರಾ."

"ನನ್ನ ಮೇಲಾ?"

"ಇನ್ಯಾರ ಮೇಲೆ? ನನ್ನ ತಟ್ಟೆಗೆ ಉಪ್ಪಿಟ್ಟು ಹಾಕಿಸಿ ನೀನು ಖಾಲಿ ಹೊಟ್ಟೇಲಿ ಹೊರಡ್ತೀಯ. ನಿನ್ನ ತುಟಿ ಒಣಗಿರೋದು ನೋಡಿದ್ರೆ ನನ್ನ ಹೊಟ್ಟೆ ಉರಿಯತ್ತೆ. ರೋಜಾ ಇರೋದು ನಿಂಗೆ ಕಲಿಸಿದ್ದು ನಾನು. ಈಗ ನೀನು ಇರ್ತೀಯ, ನಾನು ತಿನ್ಬೇಕು. ರೋಜಾ ಇದ್ದೋರಿಗೆ ಇಫ್ತಾರ್ ಮಾಡಿಸಿದ್ರೂ ಅಷ್ಟೇ ಪುಣ್ಯ ಅಂತಾರೆ. ಅದಾದ್ರೂ ಸಿಗಲಿ ಅಂದ್ರೆ, ನೀನು ದವಾಖಾನೇಲೇ ಒಂದು ಗುಟುಕು ನೀರು ಕುಡಿದು ಮುಂದಿನ ಪೇಷಂಟ್ ಕರೀತೀಯ. ನಿನ್ನ ಬಾಯಿಗೆ ಒಂದು ಖರ್ಜೂರ ಇಡೋಕೂ ಬಿಡಲಿಲ್ಲ ನೀನು. ಒಂದು ದಿನ, ಒಂದೇ ಒಂದು ದಿನ." ಮುದುಕಿ ಈಗ ಮಗಳ ಕಡೆ ತಿರುಗಿದಳು. "ಆ ಸಿಟ್ಟಿಗೇ ಇದ್ದೆ. ಅಲ್ಲಾಗೋಸ್ಕರ ಇದ್ದೆ ಅಂತ ಸುಳ್ಳು ಹೇಳಲ್ಲ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಕುಬ್ರಾ ಊರಿನವರ ಸುಳ್ಳಿಗೆಲ್ಲ ಉರಿದಿದ್ದಳು, ತನ್ನದೇ ಹಿತ್ತಲಿನಲ್ಲಿ ಏನು ಬೆಳೆದಿತ್ತು ಎಂದು ಮಾತ್ರ ನೋಡಿರಲಿಲ್ಲ. ತಾಯಿಯ ಕಾಲ ಮೇಲೆ ಹಣೆ ಇಟ್ಟು ಅತ್ತಳು. ಮೆಹಬೂಬ್ ಬೀ ಸೂಜಿ ಕಟ್ಟಿದ ಕೈಯನ್ನೇ ಎತ್ತಿ ಅವಳ ತಲೆ ಸವರಿದಳು.

"ಸೂಜಿ ನಾನೇ ಚುಚ್ಚಿದ್ದು ಅಮ್ಮಿ. ಡೋಸ್ ನಾನೇ ಏರಿಸಿದ್ದು."

"ಸುಳ್ಳು ನಾನೇ ಹೇಳಿದ್ದು. ಆಯ್ತು, ಏಳು. ಮಗ್ರಿಬ್ ನಮಾಜಿನ ಹೊತ್ತಾಗ್ತಾ ಬಂತು. ಆ ಹುಡುಗಿಗೆ ಫೋನ್ ಮಾಡು. ಇನ್ನೊಬ್ಬರ ಮಾನ ಕಳೆದು ಬಂದು ಅದರ ಮೇಲೆ ಇಫ್ತಾರ್ ಮಾಡಬೇಡ."

ಅತೀಯಾ ಒಂದೇ ರಿಂಗಿಗೆ ಫೋನು ಎತ್ತಿದಳು. ಮುದುಕಿಗೂ ಕೇಳಲೆಂದು ಕುಬ್ರಾ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಳು. ಎಷ್ಟೋ ಸಾವಿರ ಜನಕ್ಕೆ ಕೆಟ್ಟ ಸುದ್ದಿ ಹೇಳಿ ಪಳಗಿದ ನಾಲಿಗೆ ಈಗ ತಡವರಿಸಿತು.

"ಅತೀಯಾ... ಅಮ್ಮಿ ಎಲ್ಲಾ ಹೇಳಿದ್ರು. ತಪ್ಪು ನನ್ನದು. ಇನ್ಸುಲಿನ್ ನಾನೇ ಏರಿಸಿದ್ದು. ನಾಳೆ ಅದೇ ಹೊತ್ತಿಗೆ ಬರ್ತೀನಿ, ಅಲ್ಲೇ ನಿಂತು ಎಲ್ಲರ ಮುಂದೆ ಹೇಳ್ತೀನಿ."

"ಬೇಡ ಮೇಡಂ. ಅಮ್ಮಿ ವಿಷಯ ಹೊರಗೆ ಬರುತ್ತೆ."

"ಬರಲಿ ಬೇಟಿ" ಎಂದಳು ಮೆಹಬೂಬ್ ಬೀ ಫೋನಿನ ಕಡೆ ಬಾಗಿ. "ನನ್ನ ಹೆಸರು ಹಿಡಿದೇ ಹೇಳಲಿ. ನಾನು ಹೇಳ್ತಿದೀನಲ್ಲ."

ಆ ಕಡೆಯಿಂದ ಮೂಗೇರಿಸಿಕೊಂಡ ಸದ್ದು. "ಎರಡು ಸಲ ಫೋನ್ ಮಾಡಿದ್ದೆ ಮೇಡಂ. ಅಮ್ಮಿಗೆ ಕೊಟ್ಟ ಮಾತು ಮುರಿಯೋಹಾಗಿಲ್ಲ, ಒಂದು ಜೀವ ಅಪಾಯದಲ್ಲಿದೆ ಅಂತ ಗೊತ್ತಿದ್ದೂ ಸುಮ್ಮನಿರೋಹಾಗಿಲ್ಲ. ರಾತ್ರಿಯೆಲ್ಲಾ ಅದೇ. ಮಧ್ಯಾಹ್ನ ಒಂದ್ಸಲ ಅಮ್ಮಿ ಸಕ್ಕರೆ ನೋಡಿ ಅಂತ, ಅಷ್ಟೇ ಹೇಳೋಣ ಅಂತಿದ್ದೆ. ನೀವು ಎತ್ತಲಿಲ್ಲ. ಮನೆಗೇ ಬರಬೇಕಿತ್ತು ನಾನು. ಬರಲಿಲ್ಲ, ನೀವು ಬಾಗಿಲು ಹಾಕ್ತೀರಿ ಅಂತ ಹೆದರಿದೆ."

"ಹಾಕ್ತಿದ್ದೆ" ಎಂದಳು ಕುಬ್ರಾ. ಅವತ್ತು ಅವಳು ಹೇಳಿದ ಮಾತುಗಳಲ್ಲೆಲ್ಲ ಇದು ಅತ್ಯಂತ ನಿಜವಾದದ್ದು.

ಗೋಪಾಲಮ್ಮ ಮನೆಯಿಂದ ತಂದಿದ್ದ ಚೀಲ ಬಿಚ್ಚಿ ಖರ್ಜೂರದ ಡಬ್ಬಿ, ನೀರಿನ ಬಾಟಲಿ ಮಂಚದ ಮೇಲಿಟ್ಟಳು. ಮೆಹಬೂಬ್ ಬೀ ಡಬ್ಬಿಯಲ್ಲಿ ಬೆರಳಾಡಿಸಿ, ಎರಡು ಮೂರನ್ನು ಬದಿಗೆ ಸರಿಸಿ, ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿದಳು. ಬೀಜ ಬಿಡಿಸಿ, ಬಿಸ್ಮಿಲ್ಲಾ ಎನ್ನುತ್ತಾ ಮಗಳ ಬಾಯಿಯ ಕಡೆ ಕೈ ಚಾಚಿದಳು. ಅದೇ ಹೊತ್ತಿಗೆ ಫೋನಿನೊಳಗಿಂದ ಆರ್.ಟಿ. ನಗರದ ಮಸೀದಿಯ ಆಜಾನ್ ಕೇಳಿಸಿತು. ಮುದುಕಿಯ ಗಮನ ಅತ್ತ ಹೋಯಿತು.

"ಅತೀಯಾ ಬೇಟಿ, ಹೊತ್ತಾಯ್ತು ನೋಡು. ಮೊದಲು ನೀನು ಇಫ್ತಾರ್ ಮಾಡು ಕಂದ. ಪಕ್ಕದಲ್ಲಿ ನೀರಿದ್ಯಾ? ಖರ್ಜೂರ ಇದ್ಯಾ? ಯಾರು ಕೊಡ್ತಾರೆ ನಿಂಗೆ, ಅಲ್ಲಿ ಒಬ್ಬಳೇ ಇದ್ದೀಯೇನೋ..."

ಖರ್ಜೂರ ಹಿಡಿದ ಕೈ ನಡುದಾರಿಯಲ್ಲೇ ನಿಂತಿತ್ತು. ಕುಬ್ರಾಳ ಹೊಟ್ಟೆಯಲ್ಲಿ ಮತ್ತೆ ಅದೇ ಒಗ್ಗರಣೆ ಸಿಡಿಯಿತು. ಇಷ್ಟೆಲ್ಲ ಆದ ಮೇಲೂ ಸಿಡಿಯಿತು. ಅವಳು ಅದನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ. ಎರಡೂ ಕೈಯಲ್ಲಿ ತಾಯಿಯ ಮಣಿಕಟ್ಟು ಹಿಡಿದು ತನ್ನ ಕಡೆ ಎಳೆದುಕೊಂಡಳು.

"ಅಮ್ಮೀ, ಮೊದಲು ನಂಗೆ" ಎಂದು ಬಾಯಿ ತೆರೆದಳು.